ಒಂದೇ ಶೆಡ್, ಎರಡು ಥರದ ಕೆಲಸ: ಎರಡಕ್ಕೂ ಒಂದೇ ಪದ್ಧತಿ ಸಾಕಾ?

ಪ್ರಶ್ನೆ (ಬುಷ್_ಮತ್ತು_ಬಿಡಿ)

ಪೀಣ್ಯದ ಮಷೀನ್ ಶಾಪ್. 32 ಜನ, 6 ಸಿಎನ್‌ಸಿ ಲೇಥ್, 4 ವಿಎಂಸಿ (ಮಿಲ್ಲಿಂಗ್ ಮಷೀನ್), ಕೆಲವು ಡ್ರಿಲ್ಲಿಂಗ್ ಮಷೀನ್. ವ್ಯಾಪಾರದಲ್ಲಿ ಅರ್ಧ ಜಾಬ್ ವರ್ಕ್: 5, 15, 40 ಪೀಸಿನ ಆರ್ಡರ್, ಪ್ರತಿ ಸಲ ಬೇರೆ ಡ್ರಾಯಿಂಗ್. ಇನ್ನರ್ಧ ಒಂದೇ ಬುಷ್ (ಕೊಳವೆಯಾಕಾರದ ಬಿಡಿಭಾಗ), ತಿಂಗಳಿಗೆ 30,000. ಎರಡಕ್ಕೂ ಒಂದೇ ಜಾಬ್ ಕಾರ್ಡ್ (ಆರ್ಡರ್ ಜೊತೆ ಸಾಗುವ ಕೆಲಸದ ಚೀಟಿ), ಒಂದೇ ಪೀಸ್ ರೇಟ್ (ಪೀಸಿಗಿಷ್ಟು ಅಂತ ಕೂಲಿ), ಶಿಫ್ಟಿಗೊಬ್ಬ ಸೂಪರ್‌ವೈಸರ್. ಇದನ್ನೇ ಹೊಸ ಇಆರ್‌ಪಿಗೆ (ಕೆಲಸ, ಸ್ಟಾಕಿನ ಲೆಕ್ಕ ಇಡುವ ಸಾಫ್ಟ್‌ವೇರಿಗೆ) ಇಳಿಸಬೇಕಂತೆ. ಮಷೀನ್‌ಗಳು 95% ಭರ್ತಿ, ಆದರೂ ಜಾಬ್ ವರ್ಕ್ ಸದಾ ಲೇಟ್. ತಪ್ಪೆಲ್ಲಿ?

ಸೆಟ್ಟಿಂಗ್_ಶೀಟ್

ಆ 95% ಇದೆಯಲ್ಲ, ತಪ್ಪು ಅಲ್ಲೇ ಇದೆ. ಕೆಲಸ ಬರುವ ಹೊತ್ತೂ ಏರುಪೇರು, ಮುಗಿಯುವ ಹೊತ್ತೂ ಏರುಪೇರು ಇರುವ ಕಡೆ, ಒಂದು ಮಷೀನಿನ ಮುಂದಿನ ಸರಾಸರಿ ಕಾಯುವಿಕೆ 80% ಭರ್ತಿಯಲ್ಲಿ ಕೆಲಸದ ಸಮಯದ 4 ಪಟ್ಟು, 90%ನಲ್ಲಿ 9 ಪಟ್ಟು, 95%ನಲ್ಲಿ 19 ಪಟ್ಟು. ಇದು ಸರಳ ಕ್ಯೂ ಸೂತ್ರದ ಲೆಕ್ಕ. ನಿಮ್ಮ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ದಿಕ್ಕು ಬದಲಾಗಲ್ಲ. ಬುಷ್ ಸಾಲಿಗೆ 95% ಒಳ್ಳೇದು. ಜಾಬ್ ವರ್ಕಿಗೆ 80ರ ಮೇಲೆ ಹೋದಷ್ಟೂ ಡೆಲಿವರಿ ಡೇಟ್ ನಿಮ್ಮ ಕೈಯಲ್ಲಿರಲ್ಲ.

ಇನ್ನು ಕೂಲಿ. ಸೆಟ್ಟಿಂಗ್ (ಮಷೀನನ್ನು ಆ ಕೆಲಸಕ್ಕೆ ಸಜ್ಜು ಮಾಡೋದು) 90 ನಿಮಿಷ, ಸೈಕಲ್ (ಒಂದು ಪೀಸಿನ ಓಟ) 4 ನಿಮಿಷ ಅಂದ್ಕೊಳ್ಳಿ. 15 ಪೀಸಿನ ಲಾಟಿನಲ್ಲಿ 90 ನಿಮಿಷ ಸೆಟ್ಟಿಂಗ್, 60 ನಿಮಿಷ ಓಟ: ಸೆಟ್ಟಿಂಗೇ 60%. ಅದೇ 2,000 ಪೀಸಿಗೆ ಸೆಟ್ಟಿಂಗ್ ಪಾಲು ಸುಮಾರು 1.1%. ಎರಡಕ್ಕೂ ಪೀಸ್ ರೇಟ್ ಕೊಟ್ಟರೆ ಯಾವ ಆಪರೇಟರ್ ತಾನೇ ಸಣ್ಣ ಲಾಟಿಗೆ ಕೈ ಹಾಕ್ತಾನೆ? ಅರ್ಜೆಂಟ್ ಕಾರ್ಡು ಟ್ರೇ ಅಡಿಗೇ ಉಳಿಯುತ್ತೆ. ಅದು ಸೋಮಾರಿತನ ಅಲ್ಲ, ನೀವು ಬರೆದ ರೇಟ್ ಅವನಿಗೆ ಹೇಳಿಕೊಟ್ಟ ಬುದ್ಧಿ. ಜಾಬ್ ವರ್ಕಿಗೆ ಗಂಟೆ ಲೆಕ್ಕ ಹಾಕಿ. ಪ್ರತಿ ಸೆಟ್ಟಿಂಗಿಗೂ ನಿಗದಿ ಗಂಟೆ ಬರೆಯಿರಿ, ಅದರೊಳಗೆ ಮುಗಿಸಿದರೆ ಮೇಲಿಷ್ಟು.

ಫಸ್ಟ್ ಪೀಸ್ ಇನ್‌ಸ್ಪೆಕ್ಷನ್ ಯಾರ ಕೈಯಲ್ಲಿದೆ ನೋಡಿ. ಕ್ಯೂಸಿಯವರು (ಗುಣಮಟ್ಟ ನೋಡುವವರು) ಬರಲಿ ಅಂತ 40 ನಿಮಿಷ ಕಾದರೆ 60 ನಿಮಿಷದ ಓಟಕ್ಕೆ ಅದು ದೊಡ್ಡ ಪೆಟ್ಟು. ಡ್ರಾಯಿಂಗಿನಲ್ಲಿ ಗುರುತು ಹಾಕಿದ ಎರಡು ಮೂರು ಮುಖ್ಯ ಅಳತೆ ಮಾತ್ರ ಕ್ಯೂಸಿ ನೋಡಲಿ, ಉಳಿದದ್ದಕ್ಕೆ ಸೆಟ್ಟರ್ ಸಹಿ ಸಾಕು.

ಟಾಕ್ಟ್_45

ಬುಷ್ ಬಗ್ಗೆ. 25 ದಿನ ಅಂದರೆ ದಿನಕ್ಕೆ 1,200 ಪೀಸ್. ಎರಡು ಶಿಫ್ಟ್, ತಲಾ ಏಳೂವರೆ ಗಂಟೆ: 54,000 ಸೆಕೆಂಡ್. ಅಲ್ಲಿಗೆ 45 ಸೆಕೆಂಡಿಗೊಂದು ಪೀಸ್ ಹೊರಬೀಳಬೇಕು. ಮೊದಲ ಸೈಡ್ ಟರ್ನಿಂಗ್ ಪೀಸಿಗೆ 40 ಸೆಕೆಂಡ್ ಆದರೆ ದಿನಕ್ಕೆ 48,000 ಸೆಕೆಂಡ್. 200 ಪೀಸಿಗೊಮ್ಮೆ ಇನ್ಸರ್ಟ್ (ಕತ್ತರಿಸುವ ಅಲಗು) ಬದಲಾವಣೆ, 3 ನಿಮಿಷದಂತೆ ಆರು ಸಲ: 18 ನಿಮಿಷ. ಉಳಿದದ್ದು ದಿನಕ್ಕೆ 82 ನಿಮಿಷ. ಜಾಬ್ ವರ್ಕಿಗೆ ಅಂತ ಈ ಲೇಥನ್ನು ಒಂದು ಸಲ ಬಿಚ್ಚಿ ಮತ್ತೆ ಕಟ್ಟಿದರೂ ಆ 82 ನಿಮಿಷ ಹೋಯ್ತು.

ಇಲ್ಲೂ ಒಂಟಿ ಪೀಸ್ ರೇಟ್ ಬೇಡ. ಮೊದಲ ಲೇಥಿನವನು ತನ್ನ ಪಾಡಿಗೆ ಓಡಿಸ್ತಾನೆ, ಮಧ್ಯೆ 600 ಪೀಸ್ ಗುಡ್ಡೆ ಬೀಳುತ್ತೆ, ಒಳವ್ಯಾಸ ಓವರ್‌ಸೈಜ್ ಅಂತ ಕೊನೆಯ ಗೇಜಿಂಗಿನಲ್ಲಿ ಗೊತ್ತಾಗುವಷ್ಟರಲ್ಲಿ ಆ 600ಕ್ಕೂ ಅದೇ ರೋಗ. ನಡುವೆ 40 ಪೀಸಿನ ಎರಡೇ ಬಿನ್ ಇಡಿ. ಎರಡೂ ತುಂಬಿದರೆ ಹಿಂದಿನ ಮಷೀನ್ ನಿಲ್ಲಬೇಕು. ಒಂದು ಬಿನ್ ಅಂದರೆ 30 ನಿಮಿಷದ ಕೆಲಸ, ಜಾ (ಪೀಸ್ ಹಿಡಿಯುವ ದವಡೆ) ಬದಲಾಯಿಸುವಷ್ಟು ಹೊತ್ತಿಗೆ ಸಾಕು. ಕೂಲಿ ಇಡೀ ಗುಂಪಿಗೆ, ಕೊನೆಯಲ್ಲಿ ಪಾಸಾದ ಪೀಸಿನ ಮೇಲೆ.

ಬುಷ್_ಮತ್ತು_ಬಿಡಿ

ಹಾಗಾದರೆ ಮಷೀನ್‌ಗಳನ್ನೇ ಪಾಲು ಮಾಡಿಬಿಡೋದಾ? ಬುಷ್ ಲೇಥ್ ಕೆಟ್ಟರೆ? ಸೂಪರ್‌ವೈಸರ್ ಇಬ್ಬರು ಬೇಕಾ?

ರೂಟ್_ಕಾರ್ಡ್

ಎರಡು ಲೇಥ್, ಒಂದು ಡ್ರಿಲ್ಲಿಂಗ್ ಬುಷ್‌ಗೆ ಕಟ್ಟಿಬಿಡಿ. ಮೂರನೇ ಲೇಥಿಗೂ ಅದೇ ಪ್ರೋಗ್ರಾಮ್, ಅದೇ ಸಾಫ್ಟ್ ಜಾ ಸಿದ್ಧವಿರಲಿ. ಕೆಟ್ಟ ದಿನ ಮಾತ್ರ ಅದನ್ನು ಎಳೆದುಕೊಳ್ಳಿ.

ಸೂಪರ್‌ವೈಸರ್ ತಲೆ ಎಣಿಕೆಯ ಪ್ರಶ್ನೆ ಅಲ್ಲ, ತೀರ್ಮಾನ ಎಲ್ಲಿ ಆಗುತ್ತೆ ಅನ್ನೋದು ಪ್ರಶ್ನೆ. ಸಂಶೋಧಕಿ ಜೋನ್ ವುಡ್‌ವರ್ಡ್ 1950ರ ದಶಕದಲ್ಲಿ ಇಂಗ್ಲೆಂಡಿನ ದಕ್ಷಿಣ ಎಸೆಕ್ಸಿನ 100 ಕಾರ್ಖಾನೆ ನೋಡಿದಾಗ, ಕೆಳಹಂತದ ಒಬ್ಬ ಸೂಪರ್‌ವೈಸರ್ ಕೈಕೆಳಗೆ ಬಿಡಿ ಉತ್ಪಾದನೆಯಲ್ಲಿ ಸರಾಸರಿ 23 ಜನ, ರಾಶಿ ಉತ್ಪಾದನೆಯಲ್ಲಿ 48, ನಿರಂತರ ಪ್ರಕ್ರಿಯೆಯಲ್ಲಿ 15 ಇದ್ದರು. ಈ ಅಂಕಿಗಳನ್ನು 32 ಜನರ ಶಾಪಿಗೆ ನಕಲು ಮಾಡೋದು ಹುಚ್ಚುತನ. ಆದರೆ ಕಾರಣ ನಿಮಗೂ ಸಲ್ಲುತ್ತೆ. ಬುಷ್ ಸಾಲಿನ ತೀರ್ಮಾನಗಳು ಮುಂಚೆಯೇ ಪ್ರೋಸೆಸ್ ಶೀಟಿನಲ್ಲಿ ಮುಗಿದಿರುತ್ತವೆ, ಅಲ್ಲಿ ನಿಂತವನ ಕೆಲಸ ಸಾಲು ನಿಲ್ಲದಂತೆ ನೋಡೋದು. ಒಬ್ಬ ಲೀಡ್ ಆಪರೇಟರ್ ಸಾಕು. ಜಾಬ್ ವರ್ಕಿನಲ್ಲಿ ಅರ್ಧ ತೀರ್ಮಾನ ಮಷೀನ್ ಮುಂದೆಯೇ ಆಗಬೇಕು: ಹೇಗೆ ಹಿಡಿಯೋದು, ಯಾವ ಸೈಡ್ ಮೊದಲು, ಯಾವ ಕಾರ್ಡು ಈಗ. ಪ್ರೋಗ್ರಾಮರ್ ಮೇಲೆ ಎಸಿ ರೂಮಿನಲ್ಲಿ, ಸೆಟ್ಟರ್ ಕೆಳಗೆ ಅಂತಿದ್ದರೆ ಆ ಒಂದು ಗೋಡೆ ಒಡೆದರೂ ಸಾಕು. ಆ ಇಬ್ಬರದು ಕೊಟ್ಟು ತಗೊಳ್ಳೋ ಕೆಲಸ, ಚೀಟಿ ಕಳಿಸಿ ನಡೆಯೋದಲ್ಲ.

ಇನ್ನೊಂದು, ಶಾಪಿನೊಳಗೆ ಎಷ್ಟು ಕಾರ್ಡು ಬಿಡ್ತೀರಿ? 60 ಕಾರ್ಡು ಒಳಗಿದ್ದು ದಿನಕ್ಕೆ 6 ಮುಗಿದರೆ ಸರಾಸರಿ 10 ದಿನ. 30 ಮಾತ್ರ ಬಿಟ್ಟು, ಅದೇ 6 ಹೊರಬಿದ್ದರೆ 5 ದಿನ. ಉಳಿದವು ಆಫೀಸಿನ ಗೂಟದಲ್ಲೇ ತೂಗಾಡಲಿ. ಹೀಟ್ ಟ್ರೀಟ್‌ಮೆಂಟಿಗೆ ಹೊರಗೆ ಕಳಿಸೋ ಕೆಲಸ ಮಾತ್ರ ಬೇರೆ ಕಥೆ: ಅವರದು ಫರ್ನೇಸ್ ತುಂಬುವ ಲೆಕ್ಕ, ನಿಮ್ಮ ಅರ್ಜೆಂಟಿಗೆ ಅರ್ಧ ಲೋಡ್ ಓಡಿಸಲ್ಲ. ಒಂದೇ ಕೇಸ್ ಡೆಪ್ತ್ (ಗಟ್ಟಿ ಮಾಡಿದ ಮೇಲ್ಪದರದ ಆಳ) ಬೇಕಿರೋ ಜಾಬ್‌ಗಳನ್ನು ಒಟ್ಟು ಮಾಡಿ, ವಾರದಲ್ಲಿ ಗೊತ್ತಾದ ದಿನ ಕಳಿಸಿ.

ಸೆಟ್ಟಿಂಗ್_ಶೀಟ್

ಇಆರ್‌ಪಿ ಮಾತು ಉಳೀತು. ಜಾಬ್ ವರ್ಕಿಗೆ ಪ್ರತಿ ಆಪರೇಶನ್ನಿಗೂ ಶುರು, ಮುಗಿತು ಅಂತ ಎಂಟ್ರಿ ಬೇಕು, ಕಾರ್ಡಿನ ಮೇಲೆ ಡ್ರಾಯಿಂಗ್ ರಿವಿಷನ್ ನಂಬರ್ ಕಡ್ಡಾಯ. ಬುಷ್‌ಗೆ ಅದೇ ಕೇಳಿದರೆ ಹುಡುಗರು ಶಿಫ್ಟ್ ಕೊನೆಗೆ ಒಟ್ಟಿಗೆ ಸುಳ್ಳು ಅಂಕಿ ತುಂಬ್ತಾರೆ. ಅಲ್ಲಿ ಬ್ಯಾಕ್‌ಫ್ಲಶ್ ಹಾಕಿ: ಕೊನೆಯಲ್ಲಿ ಪಾಸಾದ ಪೀಸ್ ಎಣಿಸಿದರೆ ಬಾರ್ ಸ್ಟಾಕ್ ತಾನೇ ಕಳೆಯುತ್ತೆ. ಆದರೆ ಎಲ್ಲೆಲ್ಲಿ ರಿಜೆಕ್ಟ್ ಆಯ್ತೋ ಅಲ್ಲಲ್ಲೇ ಬರೆಯದಿದ್ದರೆ ಕಂಪ್ಯೂಟರಿನಲ್ಲಿ ಬಾರ್ ಇರುತ್ತೆ, ರ್‍ಯಾಕಿನಲ್ಲಿ ಇರಲ್ಲ. ಪ್ರತಿ ಸ್ಟೇಷನ್ನಿನ ಪಕ್ಕ ಬೀಗ ಹಾಕಿದ ಕೆಂಪು ಡಬ್ಬ ಇಟ್ಟು, ಶಿಫ್ಟಿಗೊಮ್ಮೆ ಕ್ಯೂಸಿಯವರೇ ತೆಗೆದು ಎಣಿಸಲಿ.