ಕಾಪರ್ ವೈರ್ ರೇಟ್ ಇಳಿಯೋ ತನಕ ಕಾಯೋದಾ, ಈಗ್ಲೇ ತಗೊಳ್ಳೋದಾ?

ತುಮಕೂರು_ಸೈಟ್:
ಎಲ್ರಿಗೂ ನಮಸ್ಕಾರ. ತುಮಕೂರಲ್ಲಿ ಮನೆ ಕಟ್ಟಿಸ್ತಿದೀನಿ, 30x40, ಮೇಲೊಂದು ಫ್ಲೋರ್. ಗೋಡೆ ಕೊರೆದು ಪೈಪ್ ಹಾಕಿ ಆಯ್ತು, ವೈರ್ ಎಳೆಯೋದು ಬಾಕಿ. ಎಲೆಕ್ಟ್ರಿಷಿಯನ್ ಕೊಟ್ಟ ಲಿಸ್ಟಲ್ಲಿ ಒಂದೂವರೆ ಸ್ಕ್ವೇರ್ ಎಂಎಂ 6 ಕಾಯಿಲ್, ಎರಡೂವರೆದು 4, ನಾಲ್ಕರದ್ದು 2 ಇದೆ, ಎಲ್ಲಾ 90 ಮೀಟರ್ ಕಾಯಿಲ್. ಅಂಗಡಿಗೆ ಹೋದಾಗೆಲ್ಲ ರೇಟ್ ಏರಿರುತ್ತೆ, ಕೇಳಿದ್ರೆ ಕಾಪರ್ ಏರಿದೆ ಸರ್ ಅಂತಾರೆ ಅಷ್ಟೇ. ಸ್ವಲ್ಪ ದಿನ ಕಾದ್ರೆ ಇಳಿಯುತ್ತಾ? ದೊಡ್ಡ ದೊಡ್ಡ ಕಂಪನಿಗಳು ವೈರ್ ಬಿಸಿನೆಸ್ಸಿಗೆ ಬರ್ತಿವೆ ಅಂತ ಓದಿದೆ, ಅದ್ರಿಂದ ಏನಾದ್ರೂ ಕಮ್ಮಿ ಆಗುತ್ತಾ? ಇನ್ನೊಂದು ಅಂಗಡಿಯವ್ರು ಹೆಸರೇ ಕೇಳದ ಬ್ರ್ಯಾಂಡ್ ತೋರಿಸಿ ಇದೂ ಪ್ಯೂರ್ ಕಾಪರ್ರೇ, ಅರ್ಧ ರೇಟಿಗೆ ಕೊಡ್ತೀನಿ ಅಂದ್ರು, ತಗೋಬಹುದಾ? ಮನೆ ಮುಂದಿನ ಕಂಬದ ಲೈನೆಲ್ಲ ಅಲ್ಯೂಮಿನಿಯಮ್ಮೇ ಇರೋವಾಗ ಮನೆಗೆ ಮಾತ್ರ ಯಾಕೆ ಕಾಪರ್ರೇ ಬೇಕು ಅನ್ನೋದೂ ಗೊತ್ತಿರೋರು ಹೇಳಿ.

ಹುಬ್ಳಿ_ಎಲೆಕ್ಟ್ರಿಕಲ್ಸ್:
ಸರ್ರ, ನಾ ಅಂಗಡಿ ಇಟ್ಟಾಂವ, ಲೆಕ್ಕಾನ ಹೇಳಿಬಿಡ್ತೀನಿ ನೋಡ್ರಿ. ಎರಡೂವರೆ ಸ್ಕ್ವೇರ್ 90 ಮೀಟರ್ ಕಾಯಿಲ್ನಾಗ ತಾಮ್ರ ಇರೋದು ಹತ್ತತ್ರ 2 ಕೆಜಿ. ಒಂದೂವರೆದರಾಗ 1.2 ಕೆಜಿ, ನಾಕರದ್ರಾಗ 3.2 ಕೆಜಿ. ನಿಮ್ಮ ಲಿಸ್ಟ್ ಎಲ್ಲಾ ಕೂಡಿಸಿದ್ರ 21-22 ಕೆಜಿ ತಾಮ್ರ ಆಕ್ಕೇತಿ. ಅಂದ್ರ ಕಾಪರ್ ಕೆಜಿಗೆ 100 ರೂಪಾಯಿ ಏರಿದ್ರ ನಿಮಗ ಬೀಳೋ ಹೊರಿ 2,200 ರೂಪಾಯಿ, 18% ಜಿಎಸ್‌ಟಿ ಹಿಡಿದ್ರ 2,600 ಆಗಬಹುದು. ಮನಿಗೆ ಲಕ್ಷಗಟ್ಟಲೆ ಹಾಕೀರಿ, ಇಷ್ಟಕ್ಕ ಕೆಲಸ ನಿಲ್ಲಿಸಿ ಗಾರೆಯವ್ರನ್ನ, ಪೇಂಟಿನವ್ರನ್ನ ಕಾಯಿಸಿದ್ರ ಅದಕ್ಕಿಂತ ಹೆಚ್ಚು ಕಳ್ಕೋತೀರಿ. ಇನ್ನ ಏರೋವಾಗ ಕಂಪನಿಯವ್ರು ಲಗೂನ ಹೊಸ ಲಿಸ್ಟ್ ಕಳಸ್ತಾರ, ಇಳಿಯೋವಾಗ ಸಾವಕಾಶ, ಇದು ನಾ ದಿನಾ ನೋಡೋದು. ಬಿಲ್ ತಗೊಂಡು, ಕಾಯಿಲ್ ಮ್ಯಾಲೆ ಐಎಸ್‌ಐ ಮಾರ್ಕು, ಐಎಸ್ 694 ನಂಬರು ನೋಡಿ ತಗೋರಿ. ಅರ್ಧ ರೇಟಿಂದು ಮುಟ್ಟಬ್ಯಾಡ್ರಿ. ಕಾಯಿಲ್ನಾಗಿನ ತಾಮ್ರದ ರೊಕ್ಕಕ್ಕಿಂತ ಕಾಯಿಲ್ ರೊಕ್ಕಾನ ಕಡಿಮಿ ಅಂದ್ರ ಒಳಗ ತಾಮ್ರ ಇರಾಕ ಸಾಧ್ಯಾನ ಇಲ್ಲ.

ಕ್ಯೂಸಿ_ವಡೋದರಾ:
ನಾನು ಹಾಸನದವನು, ಗುಜರಾತಲ್ಲಿ ಕೇಬಲ್ ಫ್ಯಾಕ್ಟರಿಲಿ ಟೆಸ್ಟಿಂಗ್‌ನಲ್ಲಿದೀನಿ. ಹುಬ್ಳಿಯವ್ರ ಲೆಕ್ಕ ಸರಿಯಾಗಿದೆ, ರೇಟ್ ಯಾಕೆ ಹಿಂಗಿದೆ ಅನ್ನೋದು ನಾನು ಹೇಳ್ತೀನಿ.

2024ರ ಮೇನಲ್ಲಿ ಲೋಹಗಳ ರೇಟ್ ಗೊತ್ತಾಗೋ ಲಂಡನ್ ಮೆಟಲ್ ಎಕ್ಸ್‌ಚೇಂಜಲ್ಲಿ ಕಾಪರ್ ಟನ್ನಿಗೆ 11,000 ಡಾಲರ್ ದಾಟ್ತು, ಆಮೇಲೆ ಬಿತ್ತು, 2025ರ ಕೊನೇಲಿ 12,000 ದಾಟ್ತು. ಡಿಮ್ಯಾಂಡ್ ಎಲ್ಲಾ ಕಡೆಯಿಂದ ಬರ್ತಿದೆ, ಎಲೆಕ್ಟ್ರಿಕ್ ಗಾಡಿ, ಡೇಟಾ ಸೆಂಟರ್, ಎಸಿ, ಸೋಲಾರ್. ಪಾವಗಡದ 2,050 ಮೆಗಾವ್ಯಾಟ್ ಪಾರ್ಕ್ ನಿಮ್ಮ ಜಿಲ್ಲೇಲೇ ಇದ್ಯಲ್ಲ, ಅಂಥ ಕಡೆ ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಹೋಗೋ ಡಿಸಿ ವೈರ್ ತವರ ಲೇಪಿಸಿದ ತಾಮ್ರದ್ದು. ಡಿಮ್ಯಾಂಡ್ ಹಿಂಗಿರೋವಾಗ ಗಣಿಗಳು ಒಂದಾದ ಮೇಲೊಂದು ಕೈ ಕೊಟ್ವು, 2023ರ ಕೊನೇಲಿ ಪನಾಮಾದ ದೊಡ್ಡ ಗಣಿ ಕೋರ್ಟ್ ತೀರ್ಪಿಂದ ನಿಂತೋಯ್ತು, 2025ರ ಸೆಪ್ಟೆಂಬರಲ್ಲಿ ಇಂಡೋನೇಷ್ಯಾದ ಗ್ರಾಸ್‌ಬರ್ಗ್ ಗಣಿ ಒಳಗೆ ಕೆಸರು ನುಗ್ಗಿ ಕಾರ್ಮಿಕರು ಸತ್ತು ಕೆಲಸ ನಿಲ್ತು. ಅದಿರು ಎಷ್ಟು ಟೈಟ್ ಆಗಿದೆ ಅಂದ್ರೆ, ಅದಿರು ಕರಗಿಸಿಕೊಡೋಕೆ ಗಣಿಯವ್ರು ಸ್ಮೆಲ್ಟರ್‌ಗಳಿಗೆ ಕೊಡೋ ಚಾರ್ಜು 2024ಕ್ಕೆ ಟನ್ನಿಗೆ 80 ಡಾಲರ್ ಇದ್ದದ್ದು 2025ಕ್ಕೆ 21.25ಕ್ಕೆ ಇಳೀತು. ಸ್ಮೆಲ್ಟರ್‌ಗಳೇ ಅದಿರಿಗಾಗಿ ಪೈಪೋಟಿ ಮಾಡ್ತಿವೆ ಅಂತ ಅರ್ಥ.

ನಮ್ಮ ದೇಶದ ಕಥೆ ಬೇರೆ. 2018ರಲ್ಲಿ ತೂತುಕುಡಿಯ ಸ್ಟರ್ಲೈಟ್ ತಾಮ್ರದ ಸ್ಮೆಲ್ಟರ್ ಮುಚ್ಚೋ ತನಕ ನಾವು ಕಾಪರ್ ಎಕ್ಸ್‌ಪೋರ್ಟ್ ಮಾಡ್ತಿದ್ವಿ. ವರ್ಷಕ್ಕೆ 4 ಲಕ್ಷ ಟನ್ ಕೆಪ್ಯಾಸಿಟಿ ಅದು. ಪ್ರತಿಭಟನೆ ಮಾಡ್ತಿದ್ದೋರಲ್ಲಿ 13 ಜನ ಪೊಲೀಸ್ ಗೋಲಿಬಾರಲ್ಲಿ ಸತ್ರು. ಹಾಗಿರೋವಾಗ ಫ್ಯಾಕ್ಟರಿ ಮತ್ತೆ ಓಪನ್ ಮಾಡ್ಬೇಕಿತ್ತು ಅಂತ ನಮ್ಮ ಇಂಡಸ್ಟ್ರಿಯವ್ರು ಸುಲಭವಾಗಿ ಹೇಳೋದು ನನಗೆ ಒಪ್ಪಿಗೆ ಆಗಲ್ಲ, ಊರವ್ರ ನೀರು ಗಾಳಿ ಕೆಡಿಸಿ ಅಗ್ಗದ ತಾಮ್ರ ಬೇಡ. ಈಗ ಮುಂದ್ರಾದಲ್ಲಿ ಅದಾನಿಯವ್ರ 5 ಲಕ್ಷ ಟನ್ನಿನ ಸ್ಮೆಲ್ಟರ್ 2024ರಲ್ಲಿ ಶುರುವಾಗಿದೆ, ದಹೇಜಲ್ಲಿ ಹಿಂಡಾಲ್ಕೋದು ಮೊದ್ಲಿಂದ ಇದೆ. ಆದ್ರೆ ಅದಿರು ಬಹುಪಾಲು ಹಡಗಲ್ಲೇ ಬರ್ಬೇಕು, ಹಾಗಾಗಿ ಸ್ಮೆಲ್ಟರ್ ಇಲ್ಲಿದ್ರೂ ರೇಟ್ ಲಂಡನ್ನಿಂದು, ಡಾಲರಿಂದು.

ಹೊಸ ಕಂಪನಿಗಳ ವಿಷಯ: 2025ರ ಫೆಬ್ರವರಿಲಿ ಅಲ್ಟ್ರಾಟೆಕ್ 1,800 ಕೋಟಿ ಹಾಕಿ ವೈರ್ ಕೇಬಲ್ ಮಾಡ್ತೀವಿ ಅಂತು, ಮುಂದಿನ ತಿಂಗಳೇ ಅದಾನಿಯವ್ರೂ ಬಂದ್ರು, ಹಳೇ ಕೇಬಲ್ ಕಂಪನಿಗಳ ಶೇರು ಅವತ್ತು ಜೋರಾಗಿ ಬಿತ್ತು. ಅದ್ರಿಂದ ನಿಮ್ಮ ಕಾಯಿಲ್ ಅಗ್ಗ ಆಗೋದು ಕಷ್ಟ, ಯಾಕಂದ್ರೆ ವೈರಿನ ಖರ್ಚಲ್ಲಿ ಮುಕ್ಕಾಲು ಪಾಲು ಲೋಹದ್ದೇ. ಡೀಲರ್ ಡಿಸ್ಕೌಂಟ್ ಸ್ವಲ್ಪ ಜಾಸ್ತಿ ಆಗ್ಬಹುದು.

ಅಲ್ಯೂಮಿನಿಯಮ್ ಪ್ರಶ್ನೆ ಒಳ್ಳೇದು. ಕಂಬದ ಲೈನು, ಬೆಂಗಳೂರಲ್ಲಿ ಬೆಸ್ಕಾಂನವ್ರು ನೆಲದಡಿ ಹಾಕಿರೋ 11 ಕೆವಿ ಕೇಬಲ್ಲು, ಹೆಚ್ಚಿನವು ಅಲ್ಯೂಮಿನಿಯಮ್ಮೇ. ಅದರ ವಿದ್ಯುತ್ ವಾಹಕತೆ ತಾಮ್ರದ 61%, ಆದ್ರೆ ತೂಕ ಮೂರರಲ್ಲಿ ಒಂದು ಪಾಲು ಅಷ್ಟೇ, ಹಾಗಾಗಿ ದಪ್ಪ ಜಾಸ್ತಿ ಮಾಡಿ ಹಾಕಿದ್ರೂ ಅಗ್ಗ. ಅಲ್ಲಿ ವೈರ್ ತುದಿಗೆ ಒತ್ತಿ ಬಿಗಿ ಮಾಡಿದ ಲೋಹದ ಲಗ್ ಇರುತ್ತೆ, ಜಾಯಿಂಟ್ ಮಾಡೋಕೆ ಟ್ರೈನಿಂಗ್ ಆದ ಜನ ಇರ್ತಾರೆ. ಮನೇಲಿ ಸ್ವಿಚ್ ಬಾಕ್ಸ್ ಒಳಗೆ ಸಣ್ಣ ಸ್ಕ್ರೂ ಕೆಳಗೆ ಅಲ್ಯೂಮಿನಿಯಮ್ ಸಿಕ್ಕಿಸಿದ್ರೆ ಅದು ಒತ್ತಡಕ್ಕೆ ನಿಧಾನಕ್ಕೆ ಚಪ್ಪಟೆ ಆಗ್ತಾ ಹೋಗುತ್ತೆ, ಮೇಲೆ ಆಕ್ಸೈಡ್ ಪದರ ಬೇರೆ ಕೂರುತ್ತೆ, ಕಾಂಟ್ಯಾಕ್ಟ್ ಸಡಿಲ ಆಗಿ ಬಿಸಿ ಏರುತ್ತೆ, ಗೀಸರ್ ಪಾಯಿಂಟ್ ಸುಟ್ಟು ಕರಕಲಾಗೋದು ಹೀಗೇ.

ಹಿರಿಯೂರು_ತೋಟ:
ಅಣ್ಣ ನೀವು ಮನೆಗೆ ಯೋಚ್ನೆ ಮಾಡ್ತಿದೀರ, ನಮ್ ಕಡೆ ತಾಮ್ರ ರೇಟ್ ಏರ್ತು ಅಂದ್ರೆ ಬೋರ್‌ವೆಲ್ ಕೇಬಲ್ ಕಳ್ಳತನ ಶುರುವಾಗುತ್ತೆ. ರಾತ್ರಿ ಸ್ಟಾರ್ಟರ್‌ನಿಂದ ಬೋರಿನ ಬಾಯಿ ತನಕ ಕತ್ತರಿಸ್ಕೊಂಡು ಹೋಗ್ತಾರೆ, ಅಲ್ಲೇ ಎಲ್ಲೋ ಹಳ್ಳದಾಗೆ ಪ್ಲಾಸ್ಟಿಕ್ ಸುಟ್ಟು ತಾಮ್ರ ಮಾತ್ರ ಗುಜರಿಗೆ, ಬೆಳಗ್ಗೆ ಹೋಗಿ ನೋಡಿದ್ರೆ ಕರೀ ಬೂದಿ, ಮೂಗಿಗೆ ಹೊಡೆಯೋ ವಾಸನೆ. ಗುಜರಿ ಅವ್ನಿಗೆ ಕೆಜಿ ಲೆಕ್ಕ, ನಮ್ಗೆ ಕೇಬಲ್ ಜೊತೆ ನೀರಿಲ್ದೆ ಒಣಗೋ ಅಡಿಕೆ ಸಸಿ ಲೆಕ್ಕ. ಅದಕ್ಕೇ ಸುಮಾರು ಜನ ಮೇಲ್ಗಡೆ ಅಲ್ಯೂಮಿನಿಯಮ್ ಕೇಬಲ್ ಹಾಕ್ಕೊಂಡವ್ರೆ, ಕದ್ರೂ ಅವನಿಗೇನೂ ಗಿಟ್ಟಲ್ಲ ಅಂತ. ಆದ್ರೆ ಸೈಜ್ ದಪ್ಪ ಮಾಡ್ದೆ ಹಾಗೇ ಬದಲಾಯಿಸಿದ್ರೆ ಆಳದ ಬೋರಿಗೆ ವೋಲ್ಟೇಜ್ ಸಾಕಾಗ್ದೆ ಮೋಟ್ರು ಸುಡುತ್ತೆ, ಹುಷಾರು. ಚಿತ್ರದುರ್ಗದ ಹತ್ರ ಇಂಗಳದಾಳಲ್ಲಿ ತಾಮ್ರದ ಗಣಿನೇ ಇತ್ತು, ಮುಚ್ಚಿ ಬಾಳ ವರ್ಷ ಆಯ್ತು.

ತುಮಕೂರು_ಸೈಟ್:
ತುಂಬಾ ಉಪಕಾರ ಆಯ್ತು ಎಲ್ರಿಂದ. ಈ ವಾರವೇ ತಗೊಂಡು ಬಿಡ್ತೀನಿ. ಕ್ಯೂಸಿ ಸರ್, ಬ್ರ್ಯಾಂಡೆಡ್ ಕಾಯಿಲ್ ತಗೊಂಡ್ರೂ ಡೂಪ್ಲಿಕೇಟ್ ಅಲ್ಲ ಅಂತ ಸೈಟಲ್ಲೇ ನೋಡೋಕೆ ಆಗುತ್ತಾ?

ಕ್ಯೂಸಿ_ವಡೋದರಾ:
ಆಗುತ್ತೆ. ಎರಡೂವರೆ ವೈರಲ್ಲಿ ಸರಿಯಾಗಿ ಒಂದು ಮೀಟರ್ ಕತ್ತರಿಸಿ, ಇನ್ಸುಲೇಷನ್ ಪೂರ್ತಿ ಸುಲಿದು, ಎಳೆಗಳನ್ನ ಚಿನ್ನದ ಅಂಗಡಿ ತಕ್ಕಡೀಲಿ ತೂಗಿಸಿ. 20ರಿಂದ 22 ಗ್ರಾಂ ಬರ್ಬೇಕು. ಸರಿಯಾಗಿ 22 ಬರ್ಲಿಲ್ಲ ಅಂತ ಗಾಬರಿ ಬೇಡ, ಸ್ಟ್ಯಾಂಡರ್ಡ್ ಅಳೆಯೋದು ರೆಸಿಸ್ಟೆನ್ಸ್‌ನ, ಲೋಹ ಚೆನ್ನಾಗಿದ್ರೆ ಕಂಪನಿಗಳು ಎರಡೂವರೆಗಿಂತ ಸ್ವಲ್ಪ ಕಮ್ಮಿ ಹಾಕಿನೂ ಪಾಸ್ ಆಗ್ತವೆ. 8-9 ಗ್ರಾಂ ಬಂತು ಅಂದ್ರೆ ಅದು ಅಲ್ಯೂಮಿನಿಯಮ್ ಮೇಲೆ ತಾಮ್ರದ ತೆಳು ಪದರ, ವಾಪಸ್ ಕೊಡಿ. ಒಂದೇ ಒಂದು ಎಳೆನ ಬ್ಲೇಡಲ್ಲಿ ಕೆರೆದ್ರೂ ಒಳಗೆ ಬೆಳ್ಳಗೆ ಕಾಣುತ್ತೆ. ಮ್ಯಾಗ್ನೆಟ್ ಹಿಡಿದು ನೋಡೋದು ಬೇಡ, ತಾಮ್ರನೂ ಅಂಟಲ್ಲ ಅಲ್ಯೂಮಿನಿಯಮ್ಮೂ ಅಂಟಲ್ಲ. ಎರಡೂವರೆಯ 90 ಮೀಟರ್ ಕಾಯಿಲ್‌ನ ಎರಡು ತುದಿ ಮಧ್ಯೆ ರೆಸಿಸ್ಟೆನ್ಸ್ ನೋಡೋದಾದ್ರೆ 0.65-0.72 ಓಮ್ ಆಸುಪಾಸು ಇರ್ಬೇಕು, ಸಾದಾ ಮಲ್ಟಿಮೀಟರ್ ಆದ್ರೆ ಮೊದ್ಲು ಅದರ ಪ್ರೋಬ್ ಎರಡೂ ಮುಟ್ಟಿಸಿ ಬರೋ ರೀಡಿಂಗ್ ಕಳೀರಿ. ನಾಲ್ಕರ ವೈರಿಗೆ ಒಂದು ಮೀಟರ್ ತೂಕ 32-35 ಗ್ರಾಂ, ಒಂದೂವರೆದಕ್ಕೆ 12-13.

ಹುಬ್ಳಿ_ಎಲೆಕ್ಟ್ರಿಕಲ್ಸ್:
ಕಾಯಿಲ್ ಉದ್ದಾನೂ ನೋಡ್ರಿ ಸರ್ರ, 90 ಮೀಟರ್ ಅಂತ ಬರದು 80 ತುಂಬೋರೂ ಅದಾರ. ಚಲೋ ಕಂಪನಿ ವೈರ್ ಮ್ಯಾಲೆ ಮೀಟರ್ ಮೀಟರಿಗೂ ನಂಬರ್ ಹೊಡದಿರ್ತಾರ, ಎರಡೂ ತುದಿ ನಂಬರ್ ನೋಡಿ ಕಳದ್ರ ಗೊತ್ತಾಕ್ಕೇತಿ.