ಕ್ಯಾರವಾನ್ ಕೊಳ್ಳುವ ಮುನ್ನ: ಸದಸ್ಯರ ಪ್ರಶ್ನೆಗೆ ವರ್ಕ್‌ಶಾಪ್‌ನವರ ಉತ್ತರ

ನಿರ್ವಾಹಕರಿಂದ: ಮನೆಮಂದಿಯೊಂದಿಗೆ ರಸ್ತೆ ಪ್ರವಾಸ ಮಾಡುವವರ ನಮ್ಮ ಗುಂಪಿನಲ್ಲಿ ಕ್ಯಾರವಾನ್ ಬಗ್ಗೆ ಪ್ರಶ್ನೆಗಳು ಹೆಚ್ಚಿವೆ. ಟೆಂಪೋ ಟ್ರಾವೆಲರ್‌ಗಳನ್ನು ಕ್ಯಾರವಾನ್ ಆಗಿ ಸಜ್ಜುಗೊಳಿಸುವ ಬೆಂಗಳೂರಿನ ವರ್ಕ್‌ಶಾಪ್ ಒಂದರ ಮುಖ್ಯಸ್ಥರು ಉತ್ತರಿಸಲು ಒಪ್ಪಿದ್ದಾರೆ. ಸದಸ್ಯರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ತುಮಕೂರಿನಿಂದ: ಸರ್, ಪರಿಚಯದವರೊಬ್ಬರು 12 ಸೀಟಿನ ಹಳದಿ ಬೋರ್ಡ್ ಟೆಂಪೋ ಟ್ರಾವೆಲರ್ ಮಾರುತ್ತಿದ್ದಾರೆ. ಸೀಟು ತೆಗೆಸಿ ಮಂಚ, ಅಡುಗೆ ಕಟ್ಟೆ, ಕಪಾಟು ಹಾಕಿಸಬೇಕೆಂದಿದ್ದೇನೆ. ನಮ್ಮ ಮನೆಯ ಕೆಲಸ ಮಾಡಿದ ಬಡಗಿಯೇ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಮುಂದುವರಿಯಬಹುದೇ?

ಉತ್ತರ: ಮುಂಗಡ ಕೊಡುವ ಮೊದಲು ಆರ್‌ಸಿಯ ಪ್ರತಿ ಹಿಡಿದುಕೊಂಡು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ನಮ್ಮಿಷ್ಟಕ್ಕೆ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ವಿಧಿಸಬಹುದು. ದಂಡಕ್ಕಿಂತ ನನಗೆ ಹೆಚ್ಚು ಚಿಂತೆ ವಿಮೆಯದು. ಆರ್‌ಸಿಯಲ್ಲಿ 12 ಸೀಟಿನ ಪ್ರಯಾಣಿಕ ವಾಹನ ಎಂದಿದ್ದು, ಒಳಗೆ ಮಂಚ, ಒಲೆ ಇದ್ದರೆ ಅಪಘಾತದ ದಿನ ವಿಮಾ ಕಂಪನಿಯ ಮುಂದೆ ನಿಮ್ಮ ವಾದಕ್ಕೆ ಬಲವೇ ಇರುವುದಿಲ್ಲ.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿದೆ, ಅಂದರೆ ಬಿಳಿ ಬೋರ್ಡ್ ಸಿಗುತ್ತದೆ. ಮೋಟಾರ್ ಕ್ಯಾರವಾನ್‌ಗೆಂದೇ ಎಐಎಸ್ 124 ಎಂಬ ಮಾನದಂಡವೂ ಇದೆ. ಅದರಂತೆ ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಪರೀಕ್ಷೆಯಾಗಿ ಪ್ರಮಾಣಪತ್ರ ಪಡೆದ ವಿನ್ಯಾಸದಲ್ಲೇ ಮಾಡಿಸಿಕೊಂಡರೆ ನೋಂದಣಿ ಸಲೀಸು. ಹಳದಿ ಬೋರ್ಡ್ ಗಾಡಿಯಾದರೆ ಪರ್ಮಿಟ್ ಒಪ್ಪಿಸಬೇಕು, ತೆರಿಗೆಯ ವ್ಯತ್ಯಾಸ ಕಟ್ಟಬೇಕು. ಇದಕ್ಕೆಲ್ಲ ತಗಲುವ ಖರ್ಚನ್ನು ಗಾಡಿಯ ಬೆಲೆಗೆ ಸೇರಿಸಿ ನೋಡಿ. ಅಗ್ಗವೆಂದು ಕಂಡ ಗಾಡಿ ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ.

ಇನ್ನು ಬಡಗಿಯ ವಿಷಯ. ಅವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮನೆಯ ಕಪಾಟು ನಿಂತಲ್ಲೇ ನಿಂತಿರುತ್ತದೆ, ಇದು ಹಳ್ಳಕೊಳ್ಳದಲ್ಲಿ ಕುಣಿಯುತ್ತದೆ. ಮನೆಗೆ ಬಳಸುವ 18 ಮಿಲಿಮೀಟರ್ ದಪ್ಪದ, ಎಂಟಡಿ ನಾಲ್ಕಡಿಯ ಒಂದು ಪ್ಲೈವುಡ್ ಹಾಳೆ ಹೆಚ್ಚುಕಡಿಮೆ 35 ಕಿಲೋ ತೂಗುತ್ತದೆ. ಹತ್ತು ಹಾಳೆ ಹಾಕಿದರೆ 350 ಕಿಲೋ! ನಾವು ಅಲ್ಯೂಮಿನಿಯಂ ಅಥವಾ ತೆಳು ಉಕ್ಕಿನ ಚೌಕಟ್ಟನ್ನು ನೆಲಕ್ಕೂ ಗೋಡೆಯ ಪಕ್ಕೆಲುಬಿಗೂ ಬೋಲ್ಟ್ ಮಾಡಿ, ಮೇಲೆ ತೆಳುವಾದ ಹಾಳೆ ಹೊದಿಸುತ್ತೇವೆ. ನಟ್ಟುಗಳು ನೈಲಾನ್ ಬಳೆಯಿರುವಂಥವೇ ಆಗಬೇಕು. ಮೊಳೆ ಹೊಡೆದದ್ದು ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಸಡಿಲವಾಗಿರುತ್ತದೆ.

ತುಮಕೂರಿನವರೇ ಮತ್ತೆ: ಆದರೆ 12 ಜನರ ಸೀಟು, ಅವರ ತೂಕ ಎಲ್ಲ ಉಳಿಯಿತಲ್ಲ ಸರ್?

ಉತ್ತರ: ಉಳಿಯಿತು, ನಿಜ. ಆ ಲೆಕ್ಕ ಎಷ್ಟು ಬೇಗ ಕರಗುತ್ತದೆ ನೋಡಿ: 100 ಲೀಟರ್ ನೀರು ಎಂದರೆ 100 ಕಿಲೋ, ಬಳಸಿದ ನೀರಿನ ತೊಟ್ಟಿ, ಬ್ಯಾಟರಿ, ಫ್ರಿಜ್, ಎಸಿ, ಹಾಸಿಗೆ, ಪಾತ್ರೆಪಗಡ, ಬಟ್ಟೆಬರೆ, ಆಮೇಲೆ ನೀವು. ಜನರ ತೂಕ ನೆಲದುದ್ದಕ್ಕೂ ಹರಡಿರುತ್ತಿತ್ತು. ಕಪಾಟು, ತೊಟ್ಟಿ, ಬ್ಯಾಟರಿ ಮೂರನ್ನೂ ಒಂದೇ ಬದಿಗೆ ಕೂರಿಸಿದರೆ ಗಾಡಿ ಆ ಬದಿಗೆ ವಾಲುತ್ತದೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎರಡೂ ಹಿಂಚಕ್ರಗಳ ಮೇಲಿನ ಕಮಾನಿನಿಂದ ನೆಲದವರೆಗೆ ಟೇಪು ಹಿಡಿದು ಅಳೆಯಿರಿ. ಬೆರಳಗಲ ವ್ಯತ್ಯಾಸ ಕಂಡರೂ ಒಳಗಿನ ಭಾರವನ್ನು ಮರುಹೊಂದಿಸಬೇಕು.

ಕೆಲಸ ಮುಗಿದ ಮೇಲೆ ನೀರು ತುಂಬಿಸಿ, ಸಾಮಾನು ಹೇರಿ, ಮನೆಯವರೆಲ್ಲ ಕುಳಿತು ಒಮ್ಮೆ ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಪೂರ್ತಿ ಗಾಡಿ ಹತ್ತಿಸಿ ಇನ್ನೊಂದು. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲ್‌ನ ಭಾರ. ಅವುಗಳನ್ನು ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಗೂ ಪ್ರತಿ ಆಕ್ಸಲ್‌ನ ಮಿತಿಗೂ ಹೋಲಿಸಿ. ನೂರೋ ಇನ್ನೂರೋ ರೂಪಾಯಿಯ ಕೆಲಸವಿದು. ಆದರೂ ನನ್ನಲ್ಲಿಗೆ ದುರಸ್ತಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಒಮ್ಮೆಯೂ ತೂಕಕ್ಕೆ ನಿಂತಿರುವುದಿಲ್ಲ. ಹೊಳೆಯುವ ಒಳಾಂಗಣದ ಫೋಟೋ ಎಲ್ಲರ ಮೊಬೈಲಿನಲ್ಲೂ ಇರುತ್ತದೆ, ತೂಕದ ಚೀಟಿ ಯಾರ ಬಳಿಯೂ ಇರುವುದಿಲ್ಲ. ಬ್ರೇಕ್, ಟೈರ್, ಸ್ಪ್ರಿಂಗ್ ಎಲ್ಲವೂ ಆ ಚೀಟಿಯ ಮೇಲೆ ನಿಂತಿವೆ.

ಹುಬ್ಬಳ್ಳಿಯಿಂದ: ಮನೆಯಲ್ಲಿ 150 ಎಎಚ್ ಟ್ಯೂಬುಲರ್ ಬ್ಯಾಟರಿ, ಇನ್ವರ್ಟರ್ ಸುಮ್ಮನೆ ಬಿದ್ದಿವೆ. ಅವನ್ನೇ ಕ್ಯಾರವಾನ್‌ಗೆ ಹಾಕಿ ಇಂಡಕ್ಷನ್ ಒಲೆ ಉರಿಸಬಹುದೇ? ಚಾವಣಿಯ ಮೇಲೆ 400 ವ್ಯಾಟ್ ಸೋಲಾರ್ ಹಾಕಿಸುತ್ತಿದ್ದೇನೆ.

ಉತ್ತರ: ಬೇಡ ಅಣ್ಣ, ಆ ಬ್ಯಾಟರಿ ಮನೆಯಲ್ಲೇ ಇರಲಿ. ಅದರೊಳಗಿರುವುದು ದ್ರವರೂಪದ ಆಮ್ಲ. ತಿರುವಿನಲ್ಲಿ ತುಳುಕುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಕ್ಕಳು ಮಲಗುವ ಮಂಚದ ಕೆಳಗೆ ಅದಕ್ಕೆ ಜಾಗವಿಲ್ಲ. ಐವತ್ತು ಕಿಲೋಗೂ ಹೆಚ್ಚು ತೂಗುವ ಅದು 1.8 ಯೂನಿಟ್ ಎಂದು ಲೆಕ್ಕಕ್ಕೆ ಕಂಡರೂ, ಬಾಳಿಕೆ ಬೇಕೆಂದರೆ ಅರ್ಧದಷ್ಟನ್ನೇ ಬಳಸಬೇಕು. 200 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಅರ್ಧ ತೂಕವೂ ಇರುವುದಿಲ್ಲ, ಎರಡು ಯೂನಿಟ್ ನೆಮ್ಮದಿಯಾಗಿ ಕೊಡುತ್ತದೆ. ದುಬಾರಿ, ಹೌದು. ಸೋಫಾದ ಬಟ್ಟೆಯಲ್ಲಿ ಉಳಿಸಿ, ಇದರಲ್ಲಿ ಬೇಡ.

ಈಗ ಒಲೆ. 1,500 ವ್ಯಾಟಿನ ಇಂಡಕ್ಷನ್ ಮನೆಯ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಅದೇ ಒಲೆಗಾಗಿ ಇನ್ವರ್ಟರ್ 12 ವೋಲ್ಟಿನ ಬ್ಯಾಟರಿಯಿಂದ 125 ಆಂಪಿಯರ್ ಎಳೆಯಬೇಕು, ಇನ್ವರ್ಟರಿನಲ್ಲಾಗುವ ನಷ್ಟ ಸೇರಿದರೆ 140ರ ಹತ್ತಿರ. ಮನೆಯ ಎಲೆಕ್ಟ್ರಿಷಿಯನ್‌ಗಳು ತಪ್ಪುವುದು ಇಲ್ಲಿಯೇ. ಇತ್ತೀಚೆಗೆ ಒಂದು ಗಾಡಿಯ ಬ್ಯಾಟರಿ ಪೆಟ್ಟಿಗೆ ತೆರೆದಾಗ ಕೇಬಲ್ಲಿನ ಕೆಂಪು ಹೊದಿಕೆ ತುದಿಯಲ್ಲಿ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಮುಟ್ಟಿದರೆ ಉದುರುತ್ತಿತ್ತು. ಲಗ್ ಅನ್ನು, ಅಂದರೆ ಕೇಬಲ್ಲಿನ ತುದಿಗೆ ಹಾಕುವ ಲೋಹದ ಟೋಪಿಯನ್ನು, ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ ತಂತಿಗೆ ಕೂರಿಸಿದ್ದರು. ಹಾಗೆ ಕೂರಿಸಿದ ಲಗ್‌ನೊಳಗೆ ಸಂದು ಉಳಿದು, ಅಲ್ಲೇ ಬಿಸಿ ಹುಟ್ಟುತ್ತದೆ. ಹೈಡ್ರಾಲಿಕ್ ಕ್ರಿಂಪಿಂಗ್ ಉಪಕರಣದಿಂದ ಒತ್ತಿಸಿ, 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿಸಿ, ಅದರ ಉದ್ದ ಆದಷ್ಟು ಕಡಿಮೆಯಿರಲಿ, ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಗೇಣಿನೊಳಗೇ ಇರಲಿ. ಫ್ಯೂಸ್ ಇನ್ವರ್ಟರಿನ ಬಳಿ ಇದ್ದರೆ, ನಡುವಿನ ಕೇಬಲ್ ಎಲ್ಲಾದರೂ ಉಜ್ಜಿ ಗಾಡಿಯ ಲೋಹದ ಮೈಗೆ ತಗುಲಿದಾಗ ಅದನ್ನು ಕಾಯಲು ಏನೂ ಇಲ್ಲ.

ಸೋಲಾರ್: ಚಾವಣಿಯ ಮೇಲೆ ಅಡ್ಡ ಮಲಗಿಸಿದ 400 ವ್ಯಾಟ್, ನಮ್ಮ ಬಯಲುಸೀಮೆಯ ಒಳ್ಳೆಯ ಬಿಸಿಲಿಗೆ ದಿನಕ್ಕೆ ಒಂದೂವರೆ ಯೂನಿಟ್‌ನಷ್ಟು ಕೊಡುತ್ತದೆ. ಚಿಕ್ಕ 12 ವೋಲ್ಟ್ ಫ್ರಿಜ್, ಮೂರು ಫ್ಯಾನ್, ದೀಪ, ಮೊಬೈಲ್ ಅದರಲ್ಲಿ ನಡೆಯುತ್ತವೆ. ಒಲೆಗೆ ಮತ್ತೊಂದು ಯೂನಿಟ್ ಬೇಕು. ಹಾಗಾಗಿ ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ ಚಾರ್ಜ್ ಮಾಡುವ ಡಿಸಿ–ಡಿಸಿ ಚಾರ್ಜರ್ ಹಾಕಿಸಿಕೊಳ್ಳಿ. ಆಗುಂಬೆಯ ಮಳೆಗಾಲದಲ್ಲಿ ಪ್ಯಾನೆಲ್ ನಂಬಿ ಅನ್ನಕ್ಕಿಡಬೇಡಿ.

ಬಳ್ಳಾರಿಯಿಂದ: ರಾತ್ರಿಯಿಡೀ ಎಸಿ ಬ್ಯಾಟರಿಯಲ್ಲಿ ನಡೆಯುತ್ತದೆಯೇ?

ಉತ್ತರ: ಈ ಪ್ರಮಾಣದ ಬ್ಯಾಟರಿಯಲ್ಲಿ ಇಲ್ಲ. ಒಂದು ಟನ್ ಇನ್ವರ್ಟರ್ ಎಸಿ ರಾತ್ರಿಗೆ ನಾಲ್ಕೈದು ಯೂನಿಟ್ ಬೇಡುತ್ತದೆ. ತಂಗುವಲ್ಲಿ 16 ಆಂಪಿಯರ್ ಪ್ಲಗ್ ಪಾಯಿಂಟ್ ಕೇಳಿ, ಗಾಡಿಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್) ಇರಲಿ, ಎಕ್ಸ್‌ಟೆನ್ಷನ್ ಕೇಬಲ್ಲನ್ನು ಪೂರ್ತಿ ಬಿಚ್ಚಿ ಹಾಕಿ. ಸುರುಳಿ ಸುತ್ತಿಟ್ಟ ಕೇಬಲ್ ಎಸಿಯ ಹೊರೆಗೆ ಒಳಗೊಳಗೇ ಕಾದು ಕರಗುತ್ತದೆ.

ಮಂಗಳೂರಿನಿಂದ: ಹಾಗಾದರೆ ಗ್ಯಾಸ್ ಒಲೆಯೇ ವಾಸಿಯಲ್ಲವೇ? ಅತ್ತೆಯವರಿಗೂ ಗ್ಯಾಸೇ ಅಭ್ಯಾಸ.

ಉತ್ತರ: ಅಡುಗೆಗೆ ವಾಸಿ ಮೇಡಂ, ಆದರೆ ಶಿಸ್ತು ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಕಿಟಕಿ ತೆರೆದಿದ್ದರೂ ಕೆಳಗಿನದು ಹೋಗುವುದಿಲ್ಲ. ಐದು ಕಿಲೋ ಸಿಲಿಂಡರ್ ಸಾಕು. ಹೊರಗಿನಿಂದ ಮಾತ್ರ ಬಾಗಿಲಿರುವ, ಒಳಗಿನ ಕೋಣೆಗೆ ಸಂದೇ ಇಲ್ಲದ, ತಳದಲ್ಲಿ ಹೊರಕ್ಕೆ ತೂತಿರುವ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ ಬೆಲ್ಟ್ ಕಟ್ಟಿ. ಗಾಡಿ ಹೊರಡುವ ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿರಲೇಬೇಕು. ಎಲ್‌ಪಿಜಿ ಸೋರಿಕೆಯ ಅಲಾರಂ ನೆಲದ ಹತ್ತಿರ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಜಾಗದಲ್ಲಿ, ಅಗ್ನಿಶಾಮಕ ಬಾಗಿಲ ಬಳಿ. ಒಲೆಯ ಹಿಂದೆ ಅಡಗಿಸಿಟ್ಟ ಅಗ್ನಿಶಾಮಕವನ್ನು ಬೆಂಕಿ ದಾಟಿ ಯಾರು ತರುತ್ತಾರೆ?

ಅತ್ತೆಯವರೂ ಬರುತ್ತಾರೆ ಎಂದಿರಿ, ಅದಕ್ಕೇ ಕೇಳದ ಮಾತೊಂದನ್ನು ಹೇಳುತ್ತೇನೆ. ಓಡುವ ಗಾಡಿಯಲ್ಲಿ ಯಾರೂ ಮಂಚದ ಮೇಲೆ ಮಲಗಬಾರದು, ಅಡುಗೆ ಕಟ್ಟೆಯ ಮುಂದೆ ನಿಲ್ಲಬಾರದು. ಎಷ್ಟು ಜನ ಮಲಗುತ್ತೀರೋ ಅಷ್ಟು ಮುಂದುಮುಖದ ಸೀಟು, ಅಷ್ಟು ಬೆಲ್ಟ್ ಇರಬೇಕು. ಆರು ಮಂಚ, ನಾಲ್ಕೇ ಬೆಲ್ಟ್ ಇರುವ ವಿನ್ಯಾಸ ಕೇಳಿದವರಿಗೆ ನಾನು ಮಾಡಿಕೊಟ್ಟಿಲ್ಲ. ಬೆಲ್ಟ್‌ನ ಬೋಲ್ಟ್ ಚಾಸಿಗೆ ಬಿಗಿದಿರಬೇಕು, ಪ್ಲೈವುಡ್ಡಿಗಲ್ಲ.

ದಾವಣಗೆರೆಯಿಂದ: ನಮ್ಮ ಗಾಡಿ ಶಾಲೆಯ ರಜೆಯಲ್ಲಿ ಬಿಟ್ಟರೆ ನಿಂತೇ ಇರುತ್ತದೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ನಿಂತ ಗಾಡಿಗೆ ಮೊದಲ ಶತ್ರು ಇಲಿ. ಅಕ್ಕಿ, ಬೇಳೆ, ಬಿಸ್ಕತ್ತು ಒಂದನ್ನೂ ಒಳಗೆ ಬಿಡಬೇಡಿ. ನೆಲದಲ್ಲಿ ಪೈಪು, ಕೇಬಲ್ ತೂರಿದ ಪ್ರತಿ ತೂತಿಗೂ ಉಕ್ಕಿನ ಜಾಲರಿ ಹಾಕಿಸಿ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಮನೆಮುಂದೆ ನಿಲ್ಲಿಸಿ ಎಂಜಿನ್ ಗುರ್ರೆನಿಸುವುದರಿಂದ ಪ್ರಯೋಜನವಿಲ್ಲ. ನೀರಿನ ತೊಟ್ಟಿ ಖಾಲಿ ಮಾಡಿ ಮುಚ್ಚಳ ತೆರೆದಿಡಿ. ಮುಂಗಾರಿಗೆ ಮೊದಲು ಏಣಿ ಹತ್ತಿ ಸೋಲಾರ್ ಬ್ರಾಕೆಟ್, ಎಸಿ, ಗಾಳಿಕಿಂಡಿಗಳ ಸುತ್ತಲಿನ ಅಂಟನ್ನು ಉಗುರಿನಲ್ಲಿ ಒತ್ತಿ ನೋಡಿ. ಬಿರುಕಿದ್ದರೆ ಕೆರೆದು ತೆಗೆದು ಪಾಲಿಯುರಿಥೇನ್ ಸೀಲೆಂಟ್ ಹೊಸದಾಗಿ ಹಾಕಿಸಿ.

ಟೈರ್ ಸವೆದಿಲ್ಲ ಎಂದು ನೆಮ್ಮದಿಯಿಂದಿರಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ ಟೈರ್ ಹೊಸದರಂತೆ ಕಂಡರೂ ರಬ್ಬರು ಬಿರುಸಾಗಿರುತ್ತದೆ. ಕ್ಯಾರವಾನ್ ಸದಾ ತುಂಬು ಭಾರದಲ್ಲೇ ಓಡುವುದರಿಂದ ನಾನಂತೂ ಬದಲಾಯಿಸಿ ಎನ್ನುತ್ತೇನೆ.

ಹಾಸನದಿಂದ: ನಮ್ಮ ಮನೆಯಲ್ಲಿ ಗಾಡಿ ಓಡಿಸುವವಳು ನಾನೇ. ಕಾರಿನ ಲೈಸೆನ್ಸ್ ಸಾಕೇ? ಮೊದಲ ಪ್ರವಾಸ ಊಟಿಗೆ ಎಂದುಕೊಂಡಿದ್ದೇವೆ.

ಉತ್ತರ: ಒಟ್ಟು ತೂಕ 7,500 ಕಿಲೋ ಮೀರದಿದ್ದರೆ ನಿಮ್ಮ ಎಲ್‌ಎಂವಿ ಲೈಸೆನ್ಸ್ ಸಾಕು ಅಕ್ಕ, ಟ್ರಾವೆಲರ್ ಗಾತ್ರದ ಕ್ಯಾರವಾನ್‌ಗಳು ಆ ಮಿತಿಯೊಳಗೇ ಇವೆ. ಎಸಿ ಸೇರಿಸಿ ಗಾಡಿಯ ಎತ್ತರ ಅಳೆದು ಸ್ಟಿಯರಿಂಗ್ ಎದುರು ಬರೆದು ಅಂಟಿಸಿ, ರೈಲ್ವೆ ಕೆಳಸೇತುವೆ ಎದುರಾದಾಗ ಊಹೆಗೆ ಜಾಗವಿರಬಾರದು.

ಊಟಿಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಆದ್ದರಿಂದ ಗುಂಡ್ಲುಪೇಟೆಯನ್ನು ಮಧ್ಯಾಹ್ನವೇ ದಾಟುವಂತೆ ಹೊರಡಿ. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತುವ ದಾರಿ ಈ ಭಾರಕ್ಕೆ ಬೇಡ, ಗೂಡಲೂರಿನ ಮೇಲೆ ಹೋಗಿ. ಇಳಿಯುವಾಗ ಎರಡನೇ ಗೇರಿನಲ್ಲೇ ಇರಿ. ಬ್ರೇಕ್ ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ಅರ್ಧ ಗಂಟೆ ನಿಲ್ಲಿಸಿ, ಚಕ್ರಕ್ಕೆ ನೀರು ಎರಚಬೇಡಿ.

ಆದರೆ ಊಟಿಗೆ ಮೊದಲು ಹತ್ತಿರದಲ್ಲೇ ಒಂದು ರಾತ್ರಿ ತಂಗಿ ಬನ್ನಿ. ಖಾಲಿ ಮೈದಾನದಲ್ಲಿ ಗಾಡಿ ಹಿಂದಕ್ಕೆ ತೆಗೆಯುವುದನ್ನು ಸಾಕೆನಿಸುವವರೆಗೂ ಅಭ್ಯಾಸ ಮಾಡಿ. ಹಿಂದೆ ತೆಗೆಯುವಾಗ ದೊಡ್ಡವರೊಬ್ಬರು ಇಳಿದು ನಿಮ್ಮ ಬದಿಯ ಕನ್ನಡಿಯಲ್ಲಿ ಕಾಣುವಂತೆ ನಿಂತು ಕೈ ತೋರಿಸಲಿ, ಅವರು ಕನ್ನಡಿಯಿಂದ ಮರೆಯಾದ ತಕ್ಷಣ ನಿಲ್ಲಿಸಿ. ಈ ಕೆಲಸಕ್ಕೆ ಮಕ್ಕಳನ್ನು ಇಳಿಸಬೇಡಿ.