ಕಾಲೇಜು ಪತ್ರಿಕೆಗೆ ವರದಿಗಾರ್ತಿಯಾಗಬೇಕು, ಮಾದರಿ ಬರಹ ಯಾವುದು ಕೊಡಲಿ?

ಪ್ರಶ್ನೆ (ಬಿ.ಎ. ಮೊದಲ ವರ್ಷ, ವಿರಾಜಪೇಟೆ): ನಮ್ಮ ಕಾಲೇಜಿನ ವಿದ್ಯಾರ್ಥಿ ಪತ್ರಿಕೆಗೆ ವರದಿಗಾರರು ಬೇಕಂತೆ. ಎರಡು ಮಾದರಿ ಬರಹ ಕೊಡಬೇಕು, ಆಮೇಲೆ ಸಂದರ್ಶನ. ಹೈಸ್ಕೂಲಿನಲ್ಲಿ ಬಹುಮಾನ ಬಂದ ಪ್ರಬಂಧ, ಕೆಲವು ಕವನ ಇವೆ. ಅವನ್ನೇ ಕೊಡಬಹುದಾ? ಗೊತ್ತಿದ್ದವರು ತಿಳಿಸಿ.

ಪತ್ರಿಕೋದ್ಯಮ ಉಪನ್ಯಾಸಕಿ, ಮಡಿಕೇರಿ: ಬೇಡಮ್ಮ. ನಾಲ್ಕು ಜನರನ್ನು ಕೇಳಿ ವಿಷಯ ತರಬಲ್ಲೆಯಾ ಎಂದು ಆಯ್ಕೆ ಮಾಡುವವರಿಗೆ ಗೊತ್ತಾಗಬೇಕು. ಪ್ರಬಂಧದಲ್ಲಿ ಅದು ಕಾಣುವುದಿಲ್ಲ. ಒಂದು ಸುದ್ದಿ 250 ಪದದೊಳಗೆ, ಒಂದು ನುಡಿಚಿತ್ರ (ಜನರನ್ನೋ ಸ್ಥಳವನ್ನೋ ಕುರಿತ ವಿಸ್ತಾರ ಲೇಖನ, ಫೀಚರ್) 500 ಪದದೊಳಗೆ ಬರೆ. ಸುದ್ದಿ ಕಾಲೇಜಿನದ್ದೇ ಇರಲಿ. ತರಗತಿ ಬಿಡುವುದು 4.30ಕ್ಕೆ, ಶ್ರೀಮಂಗಲದ ಬಸ್ಸು 4.20ಕ್ಕೇ ಹೊರಡುತ್ತದೆ ಎಂದಿಟ್ಟುಕೋ. ಇಂಟ್ರೊ, ಅಂದರೆ ಸುದ್ದಿಯ ಮೊದಲ ವಾಕ್ಯ, ಇಷ್ಟೇ: “ಕೊನೆಯ ತರಗತಿ ಮುಗಿಯುವ ಹತ್ತು ನಿಮಿಷ ಮೊದಲೇ ಬಸ್ ಹೊರಡುವುದರಿಂದ ಶ್ರೀಮಂಗಲ ಭಾಗದ ವಿದ್ಯಾರ್ಥಿಗಳು ದಿನವೂ ಪಾಠ ಬಿಟ್ಟು ಓಡಬೇಕಾಗಿದೆ.” ಅಂಥವರು ಎಷ್ಟು ಮಂದಿ ಎಂದು ಎಣಿಸು, ಬಸ್ ನಿಲ್ದಾಣದ ಸಂಚಾರ ನಿಯಂತ್ರಕರನ್ನು ಕೇಳು, ಪ್ರಾಂಶುಪಾಲರ ಮಾತು ತಗೋ. ಈ ಮೂರೂ ಇಲ್ಲದಿದ್ದರೆ ಅದು ಬರೀ ದೂರರ್ಜಿ. “ದೀಪ ಬೆಳಗಿಸಿ ಚಾಲನೆ ನೀಡಿದರು” ಎಂದು ಶುರುವಾಗುವ ವರದಿಯನ್ನಂತೂ ಕೊಡಬೇಡ, ಅಂಥವು ಕಟ್ಟುಗಟ್ಟಲೆ ಬರುತ್ತವೆ.

ಉಪಸಂಪಾದಕ, ಗೋಣಿಕೊಪ್ಪ: ನಮ್ಮ ಕೊಡಗು ಜಿಲ್ಲೆಯಲ್ಲಿ ಹೊಸಬರು ಎಡವುವುದು ಹೆಸರಿನಲ್ಲಿ. ಕೊಡವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಬರೀ ಪೊನ್ನಪ್ಪ, ಬೋಪಣ್ಣ ಎಂದು ಬರೆದರೆ ಯಾವ ಮನೆಯವರೆಂದು ಓದುಗರಿಗೆ ಗೊತ್ತಾಗುವುದಿಲ್ಲ. ಇಂಗ್ಲಿಷ್ ಆಮಂತ್ರಣ ನೋಡಿ ಕನ್ನಡಕ್ಕೆ ಇಳಿಸಿದರೆ ದ-ಡ, ನ-ಣ, ಲ-ಳ ಅದಲುಬದಲಾಗುತ್ತವೆ. ನೋಟ್‌ಬುಕ್ ಮುಂದಿಟ್ಟು ಅವರ ಕೈಯಲ್ಲೇ ಕನ್ನಡದಲ್ಲಿ ಬರೆಸಿಕೊಳ್ಳಿ. ನಿವೃತ್ತ ಸೈನಿಕರಾದರೆ ಹವಾಲ್ದಾರರೋ ಸುಬೇದಾರರೋ ಅದನ್ನೂ ಕೇಳಿ.

ಮಳೆ ಬಗ್ಗೆ ಬರೆಯುವುದಾದರೆ ತೋಟದವರು ಇಂಚಿನಲ್ಲಿ ಹೇಳುತ್ತಾರೆ, ಹವಾಮಾನ ಇಲಾಖೆ ಮಿ.ಮೀ.ನಲ್ಲಿ. 1 ಇಂಚು ಅಂದರೆ 25.4 ಮಿ.ಮೀ. ಇಲಾಖೆಯ ದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ; ಸುಮ್ಮನೆ “ನಿನ್ನೆ ಬಿದ್ದ ಮಳೆ” ಎಂದರೆ ಲೆಕ್ಕ ತಪ್ಪುತ್ತದೆ.

ಪ್ರಶ್ನೆ ಕೇಳಿದವರು: ಮಾತಾಡಿಸಿದವರು ಕೊಡವ ತಕ್ಕಿನಲ್ಲೋ (ಕೊಡವರ ಭಾಷೆ) ಅರೆಭಾಷೆಯಲ್ಲೋ ಹೇಳಿದರೆ?

ಉಪಸಂಪಾದಕ, ಗೋಣಿಕೊಪ್ಪ: ಕನ್ನಡಕ್ಕೆ ತಂದು ಅವರಿಗೇ ಒಮ್ಮೆ ಓದಿ ಹೇಳಿ, ಒಪ್ಪಿದ ಮೇಲೆ ಉದ್ಧರಣ ಚಿಹ್ನೆ ಹಾಕಿ.

ಪುಟ ವಿನ್ಯಾಸ ಮಾಡುವವರು, ಕುಶಾಲನಗರ: ಯೂನಿಕೋಡಿನಲ್ಲೇ ಟೈಪ್ ಮಾಡಿ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಅಕ್ಷರದಲ್ಲಿ ಕಳಿಸಿದ್ದು ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್‌ಗಾಗಿ ಯೂನಿಕೋಡನ್ನು ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು. ಪ್ರೂಫ್ ಕೈಗೆ ಬಂದರೆ ‘ವರ್ಷ’, ‘ಕಾರ್ಯ’ದಂಥ ಪದಗಳನ್ನು ಮೊದಲು ನೋಡಿ. ಚಿತ್ರವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಎಂದು ಕಳಿಸಿದರೆ ಕುಗ್ಗುತ್ತದೆ. 6 ಇಂಚು ಅಗಲಕ್ಕೆ ಅಚ್ಚಾಗಲು 1800 ಪಿಕ್ಸೆಲ್ ಬೇಕು. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂಬ ಸ್ಥಿತಿ ಗೊತ್ತೇ ಇದೆಯಲ್ಲ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ವಿದ್ಯಾರ್ಥಿ ಸಂಪಾದಕ, ಅಂತಿಮ ವರ್ಷ: ಸಂದರ್ಶನದಲ್ಲಿ “ಮುಂದಿನ ಸಂಚಿಕೆಗೆ ಏನು ತರುತ್ತೀರಿ?” ಎಂದು ಕೇಳಿಯೇ ಕೇಳುತ್ತಾರೆ. ಮೂರು ವಿಷಯ ಸಿದ್ಧವಿರಲಿ, ಯಾರ್‍ಯಾರನ್ನು ಮಾತಾಡಿಸುತ್ತೀರಿ ಎಂಬುದರ ಸಮೇತ. “ಕಾಫಿ ಬೆಳೆಗಾರರ ಸಮಸ್ಯೆ” ಅಂದರೆ ಎಲ್ಲಿಂದ ಹಿಡಿಯುವುದು? “ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ತಡವಾದರೆ ಸ್ಪ್ರಿಂಕ್ಲರ್ ಇಲ್ಲದ ಎರಡೆಕರೆ ತೋಟದವರು ಏನು ಮಾಡುತ್ತಾರೆ” ಎನ್ನಿ, ಕೂಡಲೇ ಕೆಲಸ ಶುರು ಮಾಡಬಹುದು. ತಲಕಾವೇರಿಯ ತೀರ್ಥೋದ್ಭವ ಅಕ್ಟೋಬರಿನಲ್ಲಿ. ಪತ್ರಿಕೆ ತಿಂಗಳಿಗೊಮ್ಮೆ ಬರುವುದಾದರೆ ಅದರ ಲೇಖನ ಸೆಪ್ಟೆಂಬರಿನಲ್ಲೇ ಮುಗಿದಿರಬೇಕು.

ಇನ್ನೊಂದು, ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಮಗುವಿನ ಹೆಸರು, ಶಾಲೆ, ಮನೆಯವರ ಗುರುತು ಯಾವುದನ್ನೂ ಬರೆಯುವಂತಿಲ್ಲ. ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 23ನೇ ಕಲಂ ಅದನ್ನೇ ಹೇಳುತ್ತದೆ. ಇದನ್ನೂ ಕೇಳಬಹುದು, ಓದಿಕೊಂಡು ಹೋಗಿ. ಲೈಬ್ರರಿಯಲ್ಲಿ ಪತ್ರಿಕೆಯ ಹಳೆಯ ಸಂಚಿಕೆಗಳು ಸಿಕ್ಕರೆ ಕೊನೆಯ ಮೂರನ್ನಾದರೂ ನೋಡಿ. ಆಗಲೇ ಬಂದ ವಿಷಯವನ್ನು ಹೊಸದೆಂದು ಹೇಳುವುದು ತಪ್ಪುತ್ತದೆ.